ಅರ್ಧ ಮೀಟರ್ ಕೂಡಿಸುವ ಕೈ

ನನ್ನ ಕಬಡ್ಡಿಯನ್ನು ನಿಲ್ಲಿಸಿದ ಗೆರೆಯನ್ನು ಎಳೆದವರು ಅವರು. ಎಳೆದ ಕೈ ತಮ್ಮದೆಂದು ಅವರು ನನಗೆ ಹೇಳಿದ್ದು ಹದಿನೆಂಟು ವರ್ಷಗಳ ಮೇಲೆ. ಅಷ್ಟರಲ್ಲಿ ನಾವಿಬ್ಬರೂ ಒಂದೇ ಶಾಲೆಯ ಮೈದಾನದಲ್ಲಿ ಹನ್ನೊಂದು ವರ್ಷ ಒಟ್ಟಿಗೆ ಬಿಸಿಲು ಕಾಯಿಸಿದ್ದೆವು. ಹೇಳಿದ ದಿನ ನಾನು ಎದ್ದು ಬಂದುಬಿಟ್ಟೆ. ಮತ್ತೆ ಅವರ ಮನೆಯ ಮೆಟ್ಟಿಲು ಹತ್ತುವುದೋ ಬೇಡವೋ ಎಂದು ನಾಲ್ಕು ತಿಂಗಳು ನನ್ನೊಳಗೇ ಜಗಳವಾಡಿದೆ. ಆ ಕಡೆ ಅವರ ದಿನಗಳು ಮುಗಿಯುತ್ತ ಬಂದಿದ್ದವು, ಅದೂ ನನಗೆ ಗೊತ್ತಿತ್ತು. ಈಗ ಅವರಿಲ್ಲ. ಹೆಸರು ಬರೆಯುವುದಿಲ್ಲ. ಮಂಗಳೂರಿನಲ್ಲಿ ಒಂದಲ್ಲ ಒಂದು ಆಟ ಆಡಿದವರು ಓದಿದರೆ ಗುರುತು ಹಿಡಿದಾರು. ಹಿಡಿಯಲಿ, ನನ್ನದೇನೂ ತಕರಾರಿಲ್ಲ.

ಅವರ ಕೆಲಸ ಮೈದಾನಕ್ಕೆ ಗೆರೆ ಹಾಕುವುದು. ಶಾಲೆಗಳ ಕ್ರೀಡಾಕೂಟ, ಯುವಕ ಮಂಡಲಗಳ ವಾಲಿಬಾಲ್, ಪೇಟೆಯ ಅಂಡರ್‌ಆರ್ಮ್ ಕ್ರಿಕೆಟ್, ಬೆಂಗ್ರೆಯ ಫುಟ್‌ಬಾಲ್, ಎಲ್ಲದಕ್ಕೂ ಅವರೇ ಬೇಕು. ಒಂದು ಗೋಣಿ ಸುಣ್ಣದ ಪುಡಿ, ನಾಲ್ಕು ಕಬ್ಬಿಣದ ಗೂಟ, ಗಂಟು ಹಾಕಿದ ಹುರಿಹಗ್ಗ, ಒಂದು ಟೇಪು. ಮೂರು, ನಾಲ್ಕು, ಐದು ಎಂದು ಹಗ್ಗದ ಗಂಟುಗಳನ್ನು ಮೂರು ಗೂಟಕ್ಕೆ ಎಳೆದು ಕಟ್ಟಿದರೆ ಮೂಲೆ ಚೌಕಕ್ಕೆ ಬಂತೆಂದೇ ಲೆಕ್ಕ. ಆಮೇಲೆ ಒಂದು ಹಳೆಯ ಡಾಲ್ಡಾ ಡಬ್ಬಿಯಿಂದ ಸುಣ್ಣ ಉದುರಿಸುತ್ತ, ಸೊಂಟ ಬಗ್ಗಿಸಿಕೊಂಡು ಹಿಂದೆ ಹಿಂದೆ ನಡೆಯುತ್ತಿದ್ದರು. ನಾನು ಎಷ್ಟೋ ಸಲ ಕಾದು ನೋಡಿದ್ದೇನೆ, ಹಿಂದೆ ನಡೆಯುವಾಗ ಒಮ್ಮೆಯಾದರೂ ಎಡವುತ್ತಾರೋ ಎಂದು. ಎಡವಲಿಲ್ಲ.

ಆ ಟೇಪಿನ ಬಗ್ಗೆ ಮೊದಲೇ ಹೇಳಿಬಿಡಬೇಕು. ಅದರ ಮೊದಲ ಅರ್ಧ ಮೀಟರ್ ಇರಲಿಲ್ಲ. ಯಾವುದೋ ಮೈದಾನದಲ್ಲಿ ರೋಲರಿನಡಿಗೆ ಸಿಕ್ಕಿ ಹರಿದುಹೋಗಿತ್ತಂತೆ. ಉಳಿದದ್ದು ಗಟ್ಟಿಯಾಗಿತ್ತು, ಅದಕ್ಕೆ ಬಿಸಾಡಲಿಲ್ಲ. ಹರಿದ ತುದಿಯನ್ನೇ ಗೂಟಕ್ಕೆ ಹಿಡಿದು, ಬೇಕಾದ ಅಳತೆಗೆ ಅರ್ಧ ಮೀಟರ್ ಕೂಡಿಸಿ ಗುರುತು ಹಾಕುತ್ತಿದ್ದರು. ಮೂರು ಮೀಟರ್ ಬೇಕಾದರೆ ಟೇಪಿನ ಮೂರೂವರೆಯಲ್ಲಿ ಗೂಟ. "ಅರ್ಧ ಕೂಡಿಸಿ" ಎಂದು ಬಾಯಲ್ಲಿ ಸಣ್ಣಗೆ ಹೇಳಿಕೊಳ್ಳುವುದು, ಗೂಟ ಹೊಡೆಯುವುದು. ಹೊಸದು ತೆಗೆದುಕೊಳ್ಳಿ ಅಣ್ಣ ಎಂದರೆ, "ಇದಕ್ಕೆ ಎಂತ ಆಗಿದೆ ಟೀಚರೇ? ನನ್ನ ಕೈಗೆ ಲೆಕ್ಕ ಗೊತ್ತುಂಟು" ಎನ್ನುತ್ತಿದ್ದರು.

ವಯಸ್ಸಿನಲ್ಲಿ ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು, ಆದರೂ ನನ್ನನ್ನು ಬಹುವಚನದಲ್ಲೇ ಕರೆಯುತ್ತಿದ್ದರು. ಇನ್ನೊಂದು ವಿಚಿತ್ರ ಅಭ್ಯಾಸವೂ ಇತ್ತು. ಶಾಲೆಯ ಗೇಟಿನೊಳಗೆ ಬಂದರೆ ಕನ್ನಡ, ಗೇಟು ದಾಟಿದರೆ ತುಳು. ಬಸ್‌ಸ್ಟಾಪಿನವರೆಗೆ ನಾನು ಮನೆಯ ಹುಡುಗಿಯೇ ಎಂಬಂತೆ ತುಳುವಿನಲ್ಲಿ ನನ್ನ ಕಾಲೆಳೆದುಕೊಂಡು ಬರುವ ಮನುಷ್ಯ, ಮೈದಾನದಲ್ಲಿ ಗಂಭೀರವಾಗಿ "ಹೌದು ಟೀಚರೇ, ಆಗ್ಬಹುದು ಟೀಚರೇ" ಎನ್ನುವರು. ಒಮ್ಮೆ ಕೇಳಿದ್ದಕ್ಕೆ, "ಎಲ್ಲದಕ್ಕೂ ಒಂದು ಗೆರೆ ಬೇಡ್ವಾ?" ಅಂದರು.

ಅವರು ಹುಡುಗರಾಗಿದ್ದಾಗ ಒಬ್ಬ ಸರ್ವೇಯರ್ ಕೈಕೆಳಗೆ ಅಳತೆಯ ಚೈನ್ ಹಿಡಿಯುವ ಕೆಲಸ ಮಾಡಿದವರು. ಗದ್ದೆಯ ಬದುವಿನಲ್ಲಿ ಒಂದು ತುದಿ ಸರ್ವೇಯರ್, ಇನ್ನೊಂದು ತುದಿ ಇವರು, ನಡುವೆ ಪರಸ್ಪರ ಮಾತು ಬಿಟ್ಟ ಅಣ್ಣತಮ್ಮಂದಿರು. ನಾಲ್ಕು ವರ್ಷ ಅದನ್ನು ನೋಡಿ ಸಾಕಾಯಿತಂತೆ. ಒಂದು ದಿನ ಕ್ರಿಕೆಟ್ ಪಿಚ್ಚಿಗೆ ಗೆರೆ ಹಾಕಲು ಯಾರೋ ಕರೆದರು. ಇಪ್ಪತ್ತೆರಡು ಗಜ ಬೇಕು ಎಂದರು. ಇಪ್ಪತ್ತೆರಡು ಗಜವೆಂದರೆ ಅರುವತ್ತಾರು ಅಡಿ, ಅರುವತ್ತಾರು ಅಡಿಯೆಂದರೆ ಅವರು ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದ ಅದೇ ಚೈನು, ಒಂದು ಕೊಂಡಿ ಹೆಚ್ಚಿಲ್ಲ, ಒಂದು ಕೊಂಡಿ ಕಡಿಮೆಯಿಲ್ಲ. ಈ ಕತೆಯನ್ನು ನನಗೆ ಎಂಟು ಹತ್ತು ಸಲವಾದರೂ ಹೇಳಿದ್ದಾರೆ. ಪ್ರತಿ ಸಲವೂ ಕಣ್ಣು ಅಷ್ಟೇ ಅರಳುತ್ತಿತ್ತು.

"ಗದ್ದೆಗೆ ಹಾಕಿದ ಗೆರೆಗೆ ಜನ ಮೂವತ್ತು ವರ್ಷ ಕೋರ್ಟಿಗೆ ಹೋಗ್ತಾರೆ," ಎನ್ನುತ್ತಿದ್ದರು. "ಮೈದಾನದ ಗೆರೆ ಹಾಗಲ್ಲ. ಸಂಜೆ ಗುಡಿಸಿದರೆ ಆಯ್ತು. ಯಾರಿಗೂ ಬೇಜಾರಿಲ್ಲ."

ಯಾವ ಆಟದ ಅಳತೆ ಬಗ್ಗುತ್ತದೆ, ಯಾವುದು ಬಗ್ಗುವುದಿಲ್ಲ ಎಂಬುದು ಅವರ ಇಷ್ಟದ ವಿಷಯ. ಬೇರೆ ಗಂಡಸರು ರಾಜಕೀಯ ಮಾತಾಡುವ ಹೊತ್ತಿಗೆ ಅವರು ಇದನ್ನು ಮಾತಾಡುತ್ತಿದ್ದರು. ಹೊಳೆಯಾಚೆಯ ಬೆಂಗ್ರೆಗೆ ಗೆರೆ ಹಾಕಲು ಹೋದ ದಿನ ನಾನೂ ಜೊತೆಗಿದ್ದೆ. ನಮ್ಮ ಶಾಲೆಯ ಹುಡುಗರ ಪಂದ್ಯವಿತ್ತು. ಸುಣ್ಣದ ಗೋಣಿಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ದೋಣಿಯಲ್ಲಿ ಕೂತಿದ್ದರು, ನೀರು ತಾಗಬಾರದಲ್ಲ. ಆಚೆ ಮರಳ ಮೈದಾನ. ಒಂದು ಬದಿ ಹೊಳೆ, ಇನ್ನೊಂದು ಬದಿ ಸಮುದ್ರ, ಬಲೆ ಒಣಗಿಸುವ ಜಾಗ ಬಿಟ್ಟರೆ ಉಳಿದದ್ದೇ ಫುಟ್‌ಬಾಲಿಗೆ. ಆ ಊರಿನ ಆಟಗಾರರಲ್ಲಿ ಒಬ್ಬ, ಬೋಟಿನಲ್ಲಿ ಕೆಲಸ ಮಾಡುವ ಗಟ್ಟಿ ಆಳು, ತಲೆ ಕೆರೆದುಕೊಂಡು ಬಂದ.

"ಅಣ್ಣ, ನಮ್ಮದು ಸಣ್ಣ ಆಯ್ತಾ ಅಂತ. ಟಿ.ವಿ.ಯಲ್ಲಿ ನೋಡುವಾಗ ಎಷ್ಟು ದೊಡ್ಡ ಉಂಟು."

"ಎಂತ ಸಣ್ಣ? ತೊಂಬತ್ತು ಮೀಟರ್ ಉದ್ದ ಉಂಟಲ್ಲ, ಸಾಕು. ನೂರ ಇಪ್ಪತ್ತರವರೆಗೆ ಹೋಗ್ಬಹುದು, ತೊಂಬತ್ತಕ್ಕಿಂತ ಕೆಳಗೆ ಬರ್ಲಿಕ್ಕಿಲ್ಲ. ಟಿ.ವಿ.ಯಲ್ಲಿ ಬರುವ ದೊಡ್ಡ ದೊಡ್ಡ ಟೀಮಿನವರ ಮೈದಾನ ಕೂಡ ಒಂದರ ಹಾಗೆ ಒಂದಿಲ್ಲ ಮಾರಾಯ. ಅವರವರ ಊರಲ್ಲಿ ಜಾಗ ಇದ್ದಷ್ಟು."

ಆಳಿನ ಮುಖ ಅರಳಿತು. ಅಷ್ಟರಲ್ಲಿ ಇವರ ಕಣ್ಣು ಗೋಲಿನ ಕಂಬಗಳ ಮೇಲೆ ಬಿತ್ತು. ಹಳೆಯ ದೋಣಿಯ ಮರದಿಂದ ಮಾಡಿದ ಕಂಬಗಳು. ಟೇಪು ಹಿಡಿದು ನೋಡಿದರು. ಒಂದು ಗೇಣು ಕಡಿಮೆ.

"ಇದು ಆಗ್ಲಿಕ್ಕಿಲ್ಲ. ಕೀಳಿ."

"ಅಣ್ಣ, ಒಂದು ಗೇಣಲ್ವಾ?"

"ಮೈದಾನ ನಿಮ್ಮ ಮರಳು ಇದ್ದಷ್ಟು ಇರ್ಲಿ. ಗೋಲು ಮಾತ್ರ ಲೋಕಕ್ಕೆಲ್ಲ ಒಂದೇ. ಕೀಳಿ, ಕೀಳಿ."

ಬಿಸಿಲಲ್ಲಿ ಆರು ಜನ ಕಂಬ ಕಿತ್ತು ಮತ್ತೆ ಹೂತರು. ಬೈದುಕೊಂಡೇ ಹೂತರು. ಮುಗಿದ ಮೇಲೆ ಅವರೇ ಇವರಿಗೆ ಎಳನೀರು ತಂದುಕೊಟ್ಟರು.

ಕ್ರಿಕೆಟ್ ನೋಡುವಾಗಲೂ ಅವರು ಚೆಂಡನ್ನು ನೋಡುತ್ತಿರಲಿಲ್ಲ. ನಮ್ಮ ಸ್ಟಾಫ್‌ರೂಮಿನಲ್ಲಿ ದೊಡ್ಡ ಪಂದ್ಯಗಳ ದಿನ ಟಿ.ವಿ. ಹಾಕುತ್ತಿದ್ದೆವು. ನಾವೆಲ್ಲ ಸಿಕ್ಸ್ ಎಂದು ಕುಣಿಯುವಾಗ ಅವರು ಮಾತ್ರ ಬೌಂಡರಿಯ ಹಗ್ಗದ ಕಡೆ ಬೆರಳು ತೋರಿಸುತ್ತಿದ್ದರು. "ನೋಡಿ, ಆ ಬದಿಯ ಹಗ್ಗ ಒಳಗೆ ತಂದಿದ್ದಾರೆ. ಈ ಹೊಡೆತ ಬೇರೆ ಊರಿನ ಮೈದಾನದಲ್ಲಿ ಕ್ಯಾಚು." ನಮ್ಮ ಕನ್ನಡ ಮೇಷ್ಟ್ರಿಗೆ ಸಿಟ್ಟು ಬಂದುಬಿಡುತ್ತಿತ್ತು, ಸಿಕ್ಸ್ ಅನ್ನು ಸುಖವಾಗಿ ಅನುಭವಿಸಲೂ ಬಿಡುವುದಿಲ್ಲವಲ್ಲ ಈ ಮನುಷ್ಯ ಎಂದು. ಹಾಗೆ ಒಂದೊಂದು ಊರಿನಲ್ಲಿ ಒಂದೊಂದು ಅಳತೆಯಾದರೆ ಅದು ಅನ್ಯಾಯವಲ್ಲವೇ ಎಂದು ನಾನೇ ಒಂದು ದಿನ ಕೇಳಿದೆ.

"ಎರಡು ಟೀಮಿಗೂ ಅದೇ ಹಗ್ಗ ಅಲ್ವಾ ಟೀಚರೇ? ಮತ್ತೆ ಎಂತ ಅನ್ಯಾಯ? ಬೌಂಡರಿ ಹತ್ತಿರ ಬರ್ಲಿ, ದೂರ ಹೋಗ್ಲಿ. ಪಿಚ್ಚನ್ನು ಮಾತ್ರ ಮುಟ್ಟಬಾರದು."

"ಕಬಡ್ಡಿಗೆ?" ಎಂದೆ.

ಅವರು ಚಹಾದ ಲೋಟವನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಕಬಡ್ಡಿಯಲ್ಲಿ ಎಂತದೂ ಮುಟ್ಟಬಾರದು. ಅದು ನಾಲ್ಕು ಹೆಜ್ಜೆಯ ಆಟ" ಎಂದು ಎದ್ದು ಹೋದರು. ಚಹಾ ಕುಡಿಯದೆ ಹೋದರಲ್ಲ ಎಂದಷ್ಟೇ ಆಗ ನನಗನಿಸಿತ್ತು.

ಇನ್ನು ನನ್ನ ಕತೆ. ಡಿಗ್ರಿಯ ಕೊನೆಯ ವರ್ಷದಲ್ಲಿ ನಾನು ಒಳ್ಳೆಯ ರೈಡರ್ ಆಗಿದ್ದೆ. ಒಳ್ಳೆಯ ಎಂದು ನಾನೇ ಹೇಳಿಕೊಳ್ಳುತ್ತಿದ್ದೇನೆ, ಇರಲಿ, ಈಗ ಹೇಳಲು ಬೇರೆ ಯಾರೂ ಉಳಿದಿಲ್ಲ. ಕುಳ್ಳಿ, ಆದರೆ ಉದ್ದಕ್ಕೆ ಕಾಲು ಚಾಚುತ್ತಿದ್ದೆ. ರಾಜ್ಯ ತಂಡಕ್ಕೆ ಹೋಗುವ ಮುಂಚಿನ ಆಯ್ಕೆಯ ಪಂದ್ಯ. ಕಡೆಯ ನಿಮಿಷ, ಕಡೆಯ ರೈಡ್, ನಮ್ಮ ಕಡೆ ಒಂದು ಪಾಯಿಂಟ್ ಮುಂದೆ. ನಾನು ಯಾರನ್ನೂ ಮುಟ್ಟಬೇಕಾಗಿರಲಿಲ್ಲ. ಎದುರಾಳಿಯ ಅಂಗಳದಲ್ಲಿ ಬಾಕ್ ಗೆರೆ ಎಂದೊಂದು ಇರುತ್ತದೆ. ನಡುಗೆರೆಯಿಂದ ಹೆಂಗಸರಿಗೆ ಮೂರು ಮೀಟರ್, ಗಂಡಸರಿಗೆ ಮೂರೂ ಮುಕ್ಕಾಲು. ರೈಡಿಗೆ ಹೋದವಳು ಅದನ್ನು ಒಂದು ಕಾಲಲ್ಲಾದರೂ ದಾಟಬೇಕು, ಆ ಹೊತ್ತಿಗೆ ಇನ್ನೊಂದು ಕಾಲು ಗಾಳಿಯಲ್ಲಿರಬೇಕು. ದಾಟದೆ ವಾಪಸು ಬಂದರೆ ಔಟ್. ಅದನ್ನು ದಾಟಿ ಬಂದರೆ ನಾವು ಗೆದ್ದಂತೆ.

ನಾನು ಹೋದೆ, ಬಲಗಾಲು ಚಾಚಿ ಊರಿದೆ, ಎಡಗಾಲು ಎತ್ತಿದೆ, ತಿರುಗಿ ಬಂದೆ. ದಾಟಿದೆ ಎಂದೇ ನನ್ನ ಮೈಗೆ ಅನಿಸಿತ್ತು. ದಿನಕ್ಕೆ ನೂರು ಸಲ ಮಾಡಿದ ಕೆಲಸ ಅದು. ಅಂಪೈರ್ ಶೀಟಿ ಊದಿದರು. ಗೆರೆ ಮುಟ್ಟಲು ಒಂದು ಗೇಣು ಬಾಕಿ ಎಂದು ಕೈಯಲ್ಲಿ ತೋರಿಸಿದರು. ಪಂದ್ಯ ಸಮ ಆಯಿತು. ಅರ್ಧ ಗಂಟೆಯಲ್ಲಿ ಪಟ್ಟಿ ಅಂಟಿಸಿದರು, ನನ್ನ ಹೆಸರಿಲ್ಲ. ಬಾಕ್ ಗೆರೆಯನ್ನೇ ಅಂದಾಜು ಮಾಡಲಾಗದ ಹುಡುಗಿ ಎಂದು ಆಯ್ಕೆಯವರಲ್ಲಿ ಒಬ್ಬರು ಹೇಳಿದ್ದು ನನ್ನ ಕಿವಿಗೇ ಬಿತ್ತು. ಮರುದಿನದಿಂದ ನಾನು ಕಬಡ್ಡಿ ಆಡಲಿಲ್ಲ. ನನ್ನ ಮೈ ನನಗೆ ಸುಳ್ಳು ಹೇಳಿತಲ್ಲ ಎಂಬ ಅವಮಾನ. ಸೋತದ್ದನ್ನು ತಡೆದುಕೊಳ್ಳಬಹುದಿತ್ತು, ಇದನ್ನು ತಡೆದುಕೊಳ್ಳಲಾಗಲಿಲ್ಲ. ಆಮೇಲೆ ತರಬೇತಿ ಮುಗಿಸಿ ಪಿ.ಟಿ. ಟೀಚರ್ ಆದೆ. ಮಕ್ಕಳಿಗೆ ಎಲ್ಲ ಕಲಿಸಿದೆ, ರೈಡ್ ಮಾಡಿ ತೋರಿಸಿ ಎಂದರೆ ಮಾತ್ರ ಮೊಣಕಾಲು ನೋವು ಎಂದು ಸುಳ್ಳು ಹೇಳುತ್ತಿದ್ದೆ.

ನಾನು ಶಾಲೆಗೆ ಸೇರಿದ ವರ್ಷವೇ ಅವರು ಗೆರೆ ಹಾಕಲು ಬಂದರು. ಕರೆದವರು ಯಾರೆಂದು ನನಗೆ ನೆನಪಿರಲಿಲ್ಲ. ಯಾರೂ ಕರೆದಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ನಮ್ಮದು ಮೊಣಕೈಯ ಹಾಗೆ ಬಾಗಿದ ಮೈದಾನ, ನೂರು ಮೀಟರ್ ಓಟಕ್ಕೆ ನೇರ ಜಾಗವೇ ಇಲ್ಲ. ಮೂಲೆಯಿಂದ ಮೂಲೆಗೆ ಹಾಯಿಸಿ ಅದನ್ನೂ ಮಾಡಿಕೊಟ್ಟರು. ಎಲ್ಲ ಗೆರೆಗಳನ್ನೂ ಒಂದೊಂದು ಸಲ ಅಳೆದರೆ, ಹುಡುಗಿಯರ ಕಬಡ್ಡಿ ಕೋರ್ಟಿನ ಬಾಕ್ ಗೆರೆಯನ್ನು ಮೂರು ಸಲ ಅಳೆಯುತ್ತಿದ್ದರು, ಅದೂ ಮೊಣಕಾಲೂರಿ. ಮೊದಲು ಟೇಪಿನಲ್ಲಿ, ಆಮೇಲೆ ಹಗ್ಗದಲ್ಲಿ, ಮತ್ತೆ ಒಂದು ಮರದ ಕೋಲಿನಲ್ಲಿ.

"ಎಂತ ಅಣ್ಣ, ಬಾಕ್ ಗೆರೆಗೆ ಪೂಜೆ ಉಂಟಾ?" ಎಂದು ನಾನು ತಮಾಷೆ ಮಾಡುತ್ತಿದ್ದೆ.

"ಉಂಟು ಅಂತ ಇಟ್ಟುಕೊಳ್ಳಿ," ಎನ್ನುತ್ತಿದ್ದರು, ತಲೆ ಎತ್ತದೆ.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಪಡೀಲಿನ ಅವರ ಮನೆಗೆ ಹೋದರೆ ಅಕ್ಕನ ಬಾಯಿಂದ ಗಂಡನ ಮೇಲಿನ ದೂರು ಕೇಳುವುದೇ ಒಂದು ಮಜಾ. "ಮದುವೆ ದಿನ ಚಪ್ಪರದ ಕಂಬ ಅಳೆದ ಜನ ಇವರು ಟೀಚರೇ. ಧಾರೆಗೆ ಹೊತ್ತಾಯ್ತು ಅಂತ ಭಟ್ರು ಕೂಗ್ತಿದ್ದಾರೆ, ಇವರು ಅಲ್ಲಿ ಒಂದು ಬದಿ ಓರೆ ಆಗಿದೆ ಅಂತ ಹಗ್ಗ ಬಿಚ್ಚಿಸ್ತಿದ್ದಾರೆ." ಅವರು ಮೂಲೆಯಲ್ಲಿ ಕೂತು ನಗುತ್ತಿದ್ದರು. ಓರೆ ಆಗಿದ್ದು ನಿಜವಂತೆ.

ಸುರತ್ಕಲ್ ಕಡೆಯ ಒಂದು ಮೈದಾನಕ್ಕೆ ಒಮ್ಮೆ ಇಂಜಿನಿಯರಿಂಗ್ ಓದುವ ಹುಡುಗರು ಲೇಸರಿನ ಅಳತೆ ಯಂತ್ರ ತಂದಿದ್ದರು. ಟೇಪಿನ ಕಾಲ ಮುಗಿಯಿತು ಎಂದು ಇವರಿಗೆ ಕೇಳುವ ಹಾಗೆಯೇ ಮಾತಾಡಿಕೊಂಡರಂತೆ. ನಡುಮಧ್ಯಾಹ್ನದ ಬಿಸಿಲು, ಆಚೆ ತುದಿಯಲ್ಲಿ ಕೆಂಪು ಚುಕ್ಕೆ ಎಲ್ಲಿ ಬಿದ್ದಿದೆಯೆಂದೇ ಕಾಣುತ್ತಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೈಕಟ್ಟಿ ನಿಂತು ಮಜಾ ನೋಡುತ್ತಿದ್ದರು. ಇವರು ಹೋಗಿ ಗೂಟದ ಪಕ್ಕ ಬೆನ್ನು ಬಗ್ಗಿಸಿ ನಿಂತು ತಮ್ಮ ನೆರಳು ಕೊಟ್ಟರು. ನೆರಳಿನಲ್ಲಿ ಚುಕ್ಕೆ ಕಂಡಿತು. ಒಂದು ಗಂಟೆ ಹಾಗೆಯೇ ಒಂದೊಂದು ಗೂಟಕ್ಕೂ ಹೋಗಿ ನೆರಳಾಗಿ ನಿಂತರಂತೆ. ಯಂತ್ರ ಒಳ್ಳೇದುಂಟು ಟೀಚರೇ, ಮೋಸ ಇಲ್ಲ ಎಂದು ನನ್ನ ಹತ್ತಿರ ಹೊಗಳಿದ್ದೇ ಹೊಗಳಿದ್ದು. ಅವರ ಮೇಲೆ ನನಗೆ ಅಷ್ಟು ಪ್ರೀತಿ ಹುಟ್ಟಿದ್ದು ಇಂಥದಕ್ಕೇ. ಅಪ್ಪನ ಮೇಲೆ ಇರುವಂಥ ಪ್ರೀತಿ ಎಂದರೆ ಹೆಚ್ಚಲ್ಲ.

ಕಳೆದ ವರ್ಷ ಅವರಿಗೆ ಉಸಿರಾಟದ ಕಾಯಿಲೆ ಹಿಡಿಯಿತು. ಮಳೆಗಾಲ ಕಳೆಯುವಷ್ಟರಲ್ಲಿ ಮನೆಯ ಜಗಲಿಯಿಂದ ಗೇಟಿನವರೆಗೆ ನಡೆಯುವುದೇ ದೊಡ್ಡದಾಯಿತು. ಆಸ್ಪತ್ರೆಯವರು ಮನೆಯಲ್ಲೇ ಇರಲಿ ಎಂದರು, ಅದರ ಅರ್ಥ ನಮಗೆಲ್ಲ ಆಯಿತು. ಒಂದು ಭಾನುವಾರ ನಾನು ಬನ್ಸ್ ಕಟ್ಟಿಸಿಕೊಂಡು ಹೋಗಿದ್ದೆ. ಅಕ್ಕ ಒಳಗೆ ಚಹಾ ಮಾಡುತ್ತಿದ್ದರು. ಜಗಲಿಯಲ್ಲಿ ನನ್ನೆದುರು ಕೂತಿದ್ದ ಅವರು ಇದ್ದಕ್ಕಿದ್ದಂತೆ ಕನ್ನಡದಲ್ಲಿ ಶುರು ಮಾಡಿದರು. ಮನೆಯಲ್ಲಿ ಅವರು ನನ್ನ ಹತ್ತಿರ ಕನ್ನಡ ಆಡಿದ್ದೇ ಇಲ್ಲ.

"ಟೀಚರೇ, ನೀವು ಆಡುವುದನ್ನು ನಾನು ನೋಡಿದ್ದೇನೆ."

"ಎಲ್ಲಿ ಅಣ್ಣ? ನಾನು ಬಿಟ್ಟು ಎಷ್ಟೋ ವರ್ಷ ಆಯ್ತು."

"ಆಯ್ಕೆಯ ದಿನ. ಆ ಕೋರ್ಟಿಗೆ ಗೆರೆ ಹಾಕಿದ್ದು ನಾನು."

ಆಮೇಲೆ ನಿಲ್ಲಿಸಿ ನಿಲ್ಲಿಸಿ, ಉಸಿರು ಹಿಡಿದು ಹಿಡಿದು ಹೇಳಿದರು. ಕೋರ್ಟಿನ ಹೊರಗಿನ ಗೆರೆಗಳನ್ನೂ ಒಂದು ಅರ್ಧದ ಒಳಗೆರೆಗಳನ್ನೂ ತಮ್ಮ ಹರಿದ ಟೇಪಿನಲ್ಲೇ ಮುಗಿಸಿದ್ದರಂತೆ. ಅಷ್ಟರಲ್ಲಿ ಪಂದ್ಯ ನಡೆಸುವವರಲ್ಲಿ ಒಬ್ಬರು ಹೊಸ ಟೇಪು ತಂದುಕೊಟ್ಟರು. ಅಣ್ಣ, ನಿಮಗೆ ಅಂತಲೇ ತಂದದ್ದು, ಆ ಹಳತನ್ನು ಬಿಸಾಡಿ ಎಂದರು. ಅಷ್ಟು ವರ್ಷದಲ್ಲಿ ಅವರಿಗೆಂದೇ ಯಾರೋ ಒಬ್ಬರು ಟೇಪು ತಂದದ್ದು ಅದೇ ಮೊದಲು. ಖುಷಿಯಲ್ಲಿ ಅದರ ತುದಿಯನ್ನು ನಡುಗೆರೆಗೆ ಹಿಡಿದರು. ಅದು ಹರಿಯದ ಟೇಪು, ತುದಿಯಲ್ಲೇ ಸೊನ್ನೆ. ಕೈ ಮಾತ್ರ ಹಳೆಯದು. ಅದು ತಾನಾಗಿ ಅರ್ಧ ಮೀಟರ್ ಕೂಡಿಸಿತು. ಮೂರೂವರೆಯಲ್ಲಿ ಗೂಟ ಬಿತ್ತು. ಗಂಡಸರ ಕೋರ್ಟು ನೋಡಿ ನೋಡಿ ಅಭ್ಯಾಸವಾದ ಅಂಪೈರುಗಳಿಗೆ ಏನೂ ಹೆಚ್ಚುಕಡಿಮೆ ಕಾಣಲಿಲ್ಲ. ಎರಡನೇ ಅರ್ಧದಲ್ಲಿ ಅಂಗಳ ಬದಲಾಯಿತು. ನಾನು ಕಡೆಯ ರೈಡಿಗೆ ಹೋದದ್ದು ಹೊಸ ಟೇಪಿನಲ್ಲಿ ಅಳೆದ ಆ ಬದಿಗೆ.

"ಸಂಜೆ ಸುತ್ತಿಡುವಾಗ ಎರಡು ಟೇಪನ್ನೂ ಒಟ್ಟಿಗೆ ಹಿಡಿದೆ. ಆಗ ಗೊತ್ತಾಯ್ತು. ಓಡಿ ಹೋಗಿ ಹೇಳಿದೆ ಟೀಚರೇ. ಪಟ್ಟಿ ಆಯ್ತು, ಎರಡು ಟೀಮಿಗೂ ಅದೇ ಗೆರೆ ಅಲ್ವಾ, ಬಿಡಿ ಅಂದ್ರು. ನಾನೂ ಹಾಗೇ ಮನಸ್ಸಿಗೆ ಹೇಳಿ ನೋಡಿದೆ. ಕ್ರಿಕೆಟಿಗೆ ಆ ಮಾತು ಆಗ್ತದೆ. ಇದಕ್ಕೆ ಆಗ್ಲಿಲ್ಲ. ಆ ಹೊಸ ಟೇಪನ್ನು ಮತ್ತೆ ಮೈದಾನಕ್ಕೆ ತರ್ಲೇ ಇಲ್ಲ."

ನಾನು ಅಂದದ್ದು ಒಂದೇ ಮಾತು. "ಹನ್ನೊಂದು ವರ್ಷ ನನ್ನ ಎದುರೇ ಇದ್ರಲ್ಲ ಅಣ್ಣ. ಹನ್ನೊಂದು ವರ್ಷ."

"ಹೇಳಿದ್ರೆ ನೀವು ಮತ್ತೆ ಬರ್ಲಿಕ್ಕಿಲ್ಲ ಅಂತ ಹೆದರಿಕೆ ಆಯ್ತು. ನೀವು ಸೇರಿದ್ದು ಕೇಳಿಯೇ ನಾನು ನಿಮ್ಮ ಶಾಲೆಗೆ ಬಂದದ್ದು. ಇನ್ನೂ ಒಂದು ಉಂಟು ಟೀಚರೇ..."

ಆ ಇನ್ನೊಂದನ್ನು ನಾನು ಕೇಳಲಿಲ್ಲ. ಚೀಲ ಎತ್ತಿಕೊಂಡು ಹೊರಟೆ. ಅಕ್ಕ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು, ಅವರ ಮುಖವನ್ನೂ ನೋಡಲಿಲ್ಲ. ಬಸ್ಸಿನಲ್ಲಿ ಕೂತು ಅತ್ತೆ. ಗೆರೆ ತಪ್ಪಿದ್ದಕ್ಕೆ ಅಲ್ಲ. ಕೈತಪ್ಪು ಯಾರಿಗಿಲ್ಲ? ನನ್ನ ಅವಮಾನದ ಬುಡ ಎಲ್ಲಿದೆಯೆಂದು ಗೊತ್ತಿದ್ದೂ, ನಾನು ಮೊಣಕಾಲು ನೋವಿನ ಸುಳ್ಳು ಹೇಳುವುದನ್ನು ಪಕ್ಕದಲ್ಲೇ ನಿಂತು ನೋಡಿದರಲ್ಲ ಎಂದು ಅತ್ತೆ.

ನಾಲ್ಕು ತಿಂಗಳು ಹೋಗಲಿಲ್ಲ. ಸಾಯಲಿರುವ ಮನುಷ್ಯನ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಬಹಳ ಕಷ್ಟದ ಕೆಲಸ, ದಿನಾ ಬೆಳಿಗ್ಗೆ ಎದ್ದು ಹೊಸದಾಗಿ ಮಾಡಬೇಕು. ನಾನು ಮಾಡಿದೆ. ಅಕ್ಕ ಎರಡು ಸಲ ಫೋನ್ ಮಾಡಿದರು. "ಊಟ ಸೇರುವುದಿಲ್ಲ ಟೀಚರೇ. ನಿಮ್ಮನ್ನು ಕೇಳ್ತಾರೆ. ಎಂತ ಆಯ್ತು ನಿಮ್ಮೊಳಗೆ ಅಂತ ನನಗೆ ಹೇಳುವುದಿಲ್ಲ." ಪರೀಕ್ಷೆ ಉಂಟು ಅಕ್ಕ ಎಂದೆ. ಪಿ.ಟಿ. ಟೀಚರಿಗೆ ಎಂಥ ಪರೀಕ್ಷೆ?

ಶಾಲೆಯ ಕ್ರೀಡಾಕೂಟ ಬಂತು. ಈ ಸಲ ಗೆರೆ ಹಾಕಲು ಅವರಿಲ್ಲ, ನಾನೇ ಹಾಕಿದೆ. ಉಳಿದದ್ದೆಲ್ಲ ಆದ ಮೇಲೆ ಹುಡುಗಿಯರ ಕೋರ್ಟಿಗೆ ಬಂದೆ. ಬಾಕ್ ಗೆರೆಯನ್ನು ಟೇಪಿನಲ್ಲಿ ಅಳೆದೆ. ಹಗ್ಗದಲ್ಲಿ ಅಳೆದೆ. ಕೋಲು ತರಲು ಎದ್ದವಳು ಅಲ್ಲೇ ಕೂತುಬಿಟ್ಟೆ. ನನಗೆ ಈ ಮೂರು ಸಲದ ಅಭ್ಯಾಸ ಯಾರೂ ಕಲಿಸಿರಲಿಲ್ಲ, ನೋಡಿ ನೋಡಿ ಬಂದದ್ದು. ಹನ್ನೊಂದು ವರ್ಷದಲ್ಲಿ ನನ್ನ ಮೈದಾನದಲ್ಲಿ ಒಬ್ಬ ಹುಡುಗಿಯೂ ತಪ್ಪು ಗೆರೆಗೆ ಔಟಾಗಿರಲಿಲ್ಲ. ಹೇಳಲು ಬಾಯಿ ಬಾರದ ಮನುಷ್ಯ ಅಷ್ಟೂ ವರ್ಷ ಮೊಣಕಾಲೂರಿ ಮಾಡಿದ್ದು ಅದನ್ನೇ. ಕೈಯ ಸುಣ್ಣವನ್ನೂ ಸರಿಯಾಗಿ ತೊಳೆಯದೆ ಪಡೀಲಿನ ಬಸ್ಸು ಹತ್ತಿದೆ.

ಅವರು ಒಳಕೋಣೆಯ ಮಂಚಕ್ಕೆ ಬಂದಿದ್ದರು. ತುಂಬ ಇಳಿದುಹೋಗಿದ್ದರು. ಕಣ್ಣು ಮಾತ್ರ ಅದೇ. ಅಕ್ಕ ನನ್ನನ್ನು ಕೂರಿಸಿ ಗಂಜಿ ಬಿಸಿ ಮಾಡಲು ಒಳಗೆ ಹೋದರು.

"ಆ ದಿನ ಇನ್ನೂ ಒಂದು ಉಂಟು ಅಂದಿದ್ರಿ ಅಣ್ಣ," ಎಂದೆ. "ಎಂತ ಅದು?"

ಅವರು ಉಸಿರು ಕೂಡಿಸಿಕೊಂಡರು. "ಮೂರು ಮೀಟರ್ ಮೂವತ್ತೆರಡು."

"ಎಂತದು?"

"ನಿಮ್ಮ ಹೆಬ್ಬೆರಳು. ಬಲಗಾಲಿದು. ಆಟದ ಮುಂಚೆ ನೀರು ಹಾಕಿದ್ರಲ್ಲ, ಮಣ್ಣು ಮೆತ್ತಗೆ ಇತ್ತು. ಕಡೆಯ ರೈಡ್ ಅಲ್ವಾ, ಮತ್ತೆ ಯಾರೂ ಅಲ್ಲಿ ಮೆಟ್ಟಲಿಲ್ಲ. ಗುಡಿಸುವ ಮುಂಚೆ ನಡುಗೆರೆಯಿಂದ ಅಳೆದೆ. ಎರಡು ಟೇಪಿನಲ್ಲೂ ಅಳೆದೆ." ನಿಲ್ಲಿಸಿ, ಕೆಮ್ಮಿ, ಮುಂದುವರಿಸಿದರು. "ಹಿಮ್ಮಡಿ ಕೂಡ ಮೂರಕ್ಕಿಂತ ಆಚೆ ಇತ್ತು. ಇಡೀ ಕಾಲು ದಾಟಿತ್ತು."

ಹದಿನೆಂಟು ವರ್ಷ ನನ್ನ ಮೈಯನ್ನು ನಾನು ನಂಬದೆ ಕಳೆದಿದ್ದೆ. ಆ ಮೈ ಅಂದು ಸರಿಯಾಗಿಯೇ ಹೇಳಿತ್ತು. ಅದಕ್ಕೆ ಸಾಕ್ಷಿ ಈ ಮನುಷ್ಯನೊಬ್ಬನೇ. ಅವರು ಅಂದು ಬಗ್ಗಿ ಅಳೆಯದೆ ಗುಡಿಸಿಬಿಟ್ಟಿದ್ದರೆ ಯಾರಿಗೂ ಎಂದಿಗೂ ತಿಳಿಯುತ್ತಿರಲಿಲ್ಲ.

"ಹಾಗಾದ್ರೆ ನಾನು ಔಟ್ ಅಲ್ಲ," ಎಂದೆ.

"ಅಲ್ಲ ಟೀಚರೇ. ನೀವು ಔಟ್ ಅಲ್ಲ."

"ನನಗೆ ನಿಮ್ಮ ಮೇಲೆ ಸಿಟ್ಟು ಇಲ್ಲ ಅಣ್ಣ. ಇತ್ತು. ಈಗ ಇಲ್ಲ." ಅಷ್ಟು ಹೇಳುವಷ್ಟರಲ್ಲಿ ಮಂಚದ ಅಂಚಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅಳತೊಡಗಿದ್ದೆ. ಪಟ್ಟಿಯಲ್ಲಿ ಹೆಸರಿಲ್ಲದ ಆ ಸಂಜೆ ಅಳಬೇಕಾಗಿದ್ದ ಅಳು ಅದು. ಅವರ ಕೈ ನನ್ನ ತಲೆಯ ಮೇಲೆ ಬಂತು. ಭಾರವೇ ಇರಲಿಲ್ಲ ಅದಕ್ಕೆ.

ನನ್ನ ಅಳು ಕೇಳಿ, ಮುಗಿದೇಹೋಯಿತೆಂದುಕೊಂಡು ಅಕ್ಕ ಸೌಟು ಹಿಡಿದುಕೊಂಡೇ ಓಡಿ ಬಂದರು. "ಎಂತ ಆಯ್ತು? ಅಯ್ಯೋ, ಎಂತ ಆಯ್ತು?"

"ಎಂತದೂ ಇಲ್ಲ ಮಾರಾಯ್ತಿ," ಎಂದರು ಅವರು. "ಟೀಚರ್ ಗೆದ್ದರು."